ಗೊಂಬೆಗೆ ಜೀವವಿರಲಿ, ಸೂತ್ರ ಕಾಣುತ್ತಿರಲಿ



ಒಂದು ಕಡೆ ಹೇಮಾವತಿಯ ಕಟ್ಟೆ, ಇನ್ನೊಂದು ಕಡೆ ಕಲ್ಯಾಣ ವೆಂಕಟರಮಣಸ್ವಾಮಿಯ ಬೆಟ್ಟ. ರಥಸಪ್ತಮಿಯ ಹೊತ್ತಿಗೆ ದನಗಳ ಜಾತ್ರೆ ನೆರೆಯುವ ಈ ಹೇಮಗಿರಿಯಲ್ಲಿ ಆನ್‌ಲೈನ್ ಗೇಮುಗಳ ಕುರಿತು ಸಮ್ಮೇಳನ ನಡೆಸಲು ಮನಸ್ಸು ಮಾಡಿದ ನಿಮ್ಮನ್ನು ಮೊದಲು ಅಭಿನಂದಿಸುತ್ತೇನೆ. ಗೇಮುಗಳು ತಯಾರಾಗುವುದು ಬೆಂಗಳೂರಿನಲ್ಲೋ ಸೋಲ್‌ನಲ್ಲೋ ಇರಬಹುದು. ಅವನ್ನು ಆಡುವ ಹುಡುಗ ಹುಡುಗಿಯರು ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣದ ಹಳ್ಳಿಹಳ್ಳಿಯಲ್ಲೂ ಇದ್ದಾರೆ. ಆಡುವವರ ಊರಿನಲ್ಲೇ ಆಟದ ನ್ಯಾಯಾನ್ಯಾಯ ಚರ್ಚೆಯಾಗಬೇಕು. ಆ ಚರ್ಚೆಗೆ ನನ್ನನ್ನು ಅಧ್ಯಕ್ಷ ಸ್ಥಾನದಲ್ಲಿ ಕೂರಿಸಿದ್ದಕ್ಕೆ ಕೃತಜ್ಞತೆಗಳು.

ಗೇಮಿನೊಳಗೆ ಯಾವ ಆಟಗಾರನ ಕೈಯಲ್ಲೂ ಇಲ್ಲದೆ ಕಂಪ್ಯೂಟರೇ ನಡೆಸುವ ಪಾತ್ರವನ್ನು ಎನ್‌ಪಿಸಿ ಎನ್ನುತ್ತೇವೆ. ಅಂಗಡಿಯವ, ಕಾವಲಿನವ, ದಾರಿ ಹೇಳುವ ಅಜ್ಜಿ, ಬಂದೂಕು ಹಿಡಿದು ಎದುರಾಗುವ ಶತ್ರು, ಎಲ್ಲರೂ ಈ ಲೆಕ್ಕಕ್ಕೆ ಸೇರುತ್ತಾರೆ. ಇವರು ಎಷ್ಟರಮಟ್ಟಿಗೆ ಮನುಷ್ಯರಂತೆ ಇರಬೇಕು? ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ತನ್ನ ಲೋಕದೊಳಗೆ ಪಾತ್ರ ಎಷ್ಟು ಜೀವಂತವಾಗಿದ್ದರೂ ಸಾಲದು. ಆದರೆ ಆಡುವವನ ಎದುರು ಅದು ತಾನು ಮನುಷ್ಯ ಎಂದು ಒಂದು ಕ್ಷಣವೂ ನಂಬಿಸಕೂಡದು.

ಈ ಮಾತಿಗೆ ನಮ್ಮ ಸೀಮೆಯಲ್ಲೇ ಆಧಾರವಿದೆ. ಟಿಪ್ಪು ಸುಲ್ತಾನನಿಗಾಗಿ 1790ರ ದಶಕದಲ್ಲಿ ಮಾಡಿದ ಮರದ ಹುಲಿಯನ್ನು ನೆನೆಯಿರಿ. ಬಣ್ಣ ಬಳಿದ ಹುಲಿ, ಅದರ ಕೆಳಗೆ ಅಂಗಾತ ಬಿದ್ದ ಐರೋಪ್ಯ ಸಿಪಾಯಿ. ಪಕ್ಕದ ಹಿಡಿಕೆ ತಿರುಗಿಸಿದರೆ ಒಳಗಿನ ತಿದಿಗಳಿಗೆ ಗಾಳಿ ತುಂಬಿ ಸಿಪಾಯಿಯ ಕೈ ಮೇಲಕ್ಕೆದ್ದು ಇಳಿಯುತ್ತದೆ, ಅವನ ಬಾಯಿಂದ ನರಳಾಟ ಹೊರಡುತ್ತದೆ, ಹುಲಿ ಗುರುಗುಟ್ಟುತ್ತದೆ. ಹುಲಿಯ ಪಕ್ಕೆಯ ಹಲಗೆ ಇಳಿಸಿದರೆ ಅಲ್ಲೊಂದು ಪುಟ್ಟ ಆರ್ಗನ್ನಿನ ಮನೆಗಳ ಸಾಲು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಇದನ್ನು ಹಡಗಿಗೇರಿಸಿ ಲಂಡನ್ನಿಗೆ ಒಯ್ದರು. ಇವತ್ತು ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಇನ್ನೂರು ವರ್ಷಗಳಿಂದ ನೋಡಿದವರೆಲ್ಲ ಬೆಚ್ಚಿದ್ದಾರೆ, ಯಾರೂ ಮೋಸಹೋಗಿಲ್ಲ. ಏಕೆಂದರೆ ಹಿಡಿಕೆ ಎಲ್ಲರ ಕಣ್ಣೆದುರಿಗೇ ಇದೆ. ನಿಜದ ಹುಲಿಯಂತೆ ಕಾಣುವ ಹಟ ಅದಕ್ಕಿಲ್ಲ. ಒಂದು ಕೈ ಏಳುತ್ತದೆ, ಎರಡು ಬಗೆಯ ಸದ್ದು ಬರುತ್ತದೆ, ಅಷ್ಟೇ. ಅಷ್ಟಕ್ಕೇ ಒಂದು ಕಾಲದ ರೋಷವೆಲ್ಲ ಅದರಲ್ಲಿ ಮೈತಳೆದು ನಿಂತಿದೆ.

ತೊಗಲುಗೊಂಬೆಯಾಟದ್ದೂ ಇದೇ ದಾರಿ. ಪರದೆಯ ಹಿಂದೆ ದೀಪ, ದೀಪಕ್ಕೂ ಪರದೆಗೂ ನಡುವೆ ಹದ ಮಾಡಿದ ತೊಗಲು. ರಾಮ, ಸೀತೆ, ರಾವಣರ ಗೊಂಬೆಗಳಲ್ಲಿ ಗಾಂಭೀರ್ಯವಿರುತ್ತದೆ, ಅಲುಗಾಟ ಕಡಿಮೆ. ಎಳೆದತ್ತ ಕುಣಿಯುವವನು ಹಾಸ್ಯಗಾರ ಕಿಳ್ಳೇಕ್ಯಾತ. ಕಥೆ ರಾಮಾಯಣದ್ದಾದರೂ ಅವನು ಊರಿನ ಸುದ್ದಿ ತೆಗೆಯುತ್ತಾನೆ, ಮುಂದೆ ಕೂತವರನ್ನು ರೇಗಿಸುತ್ತಾನೆ, ಸಂಗಾತಿ ಬಂಗಾರಕ್ಕನ ಜೊತೆ ಜಗಳ ಕಾಯುತ್ತಾನೆ. ಕಥೆಯ ನಾಯಕನಲ್ಲದ ಈ ಪಾತ್ರದ ಮೇಲೆಯೇ ಜನಕ್ಕೆ ಹೆಚ್ಚು ಪ್ರೀತಿ. ಅವನು ತೊಗಲು ಎಂಬುದು ಮಗುವಿಗೂ ಗೊತ್ತು, ಆಡಿಸುವವರು ಯಾರ ಮನೆಯವರು ಎಂಬುದೂ ಊರಿಗೆ ಗೊತ್ತು. ಗೊತ್ತಿದ್ದೂ ನಗುತ್ತಾರೆ, ಗೊತ್ತಿದ್ದೂ ಅಳುತ್ತಾರೆ. ಕೊಪ್ಪಳ ಜಿಲ್ಲೆ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಾಡು ಗೌರವಿಸಿದ್ದು ಈ ತಿಳಿವಳಿಕೆಯನ್ನೇ. ನಾಗಮಂಗಲ ತಾಲ್ಲೂಕಿನ ಅಂಬಲಜೀರಹಳ್ಳಿಯಿಂದ ಬಂದ ಜೀ.ಶಂ. ಪರಮಶಿವಯ್ಯನವರು ಮೂಡಲಪಾಯ ಯಕ್ಷಗಾನವನ್ನು ಹುಡುಕಿ, ಅಭ್ಯಾಸ ಮಾಡಿ, ಅದಕ್ಕೆ ಮತ್ತೆ ಮನ್ನಣೆ ದೊರಕಿಸಿದ್ದೂ ಇಂಥ ಪಾತ್ರ ಕಟ್ಟುವ ವಿದ್ಯೆ ಕೈತಪ್ಪಬಾರದೆಂದೇ.

ಹಾಗಾದರೆ ಪಾತ್ರಕ್ಕೆ ಜೀವ ಎಲ್ಲಿಂದ ಬರುತ್ತದೆ? ಇಲ್ಲಿಗೆ ಹತ್ತಿರದ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ಬಳೆಗಾರ ಚೆನ್ನಯ್ಯನನ್ನು ನೆನೆಯಿರಿ. ‘ಮೈಸೂರ ಮಲ್ಲಿಗೆ’ಯ ದಾಂಪತ್ಯದಲ್ಲಿ ಅವನು ಗಂಡನೂ ಅಲ್ಲ, ಹೆಂಡತಿಯೂ ಅಲ್ಲ. ತವರಿನಲ್ಲಿರುವ ಹೆಂಡತಿಯ ಸುದ್ದಿಯನ್ನು ಗಂಡನ ಬಾಗಿಲಿಗೆ ತರುವವನು. ಅವನ ಮೂಗು ಹೇಗಿತ್ತು, ಬಣ್ಣ ಯಾವುದು ಎಂದು ಯಾರೂ ಕೇಳುವುದಿಲ್ಲ. ಅವನಿಗೊಂದು ಕಸುಬಿದೆ, ಊರಿಂದೂರಿಗೆ ನಡೆಯುವ ದಾರಿಯಿದೆ, ಎರಡು ಮನೆಗಳ ಋಣವಿದೆ, ಯಾರ ಮುಂದೆ ಯಾವ ಮಾತು ಎಷ್ಟು ಆಡಬೇಕೆಂಬ ಹದವಿದೆ. ಕವಿತೆಯೊಂದರಲ್ಲಿ ಬಂದುಹೋಗುವ ಈ ಪಾತ್ರ ಎಂಬತ್ತು ವರ್ಷ ದಾಟಿಯೂ ಕನ್ನಡಿಗರ ಮನೆಯವನಾಗಿ ಉಳಿದಿದ್ದಾನೆ. ಗೇಮು ಬರೆಯುವವರಿಗೆ ಇದಕ್ಕಿಂತ ದೊಡ್ಡ ಪಾಠ ಬೇರೆ ಬೇಕಿಲ್ಲ.

ಹೇಮಗಿರಿ ಜಾತ್ರೆಯನ್ನೇ ಒಂದು ಗೇಮು ಮಾಡುತ್ತೀರಿ ಎಂದಿಟ್ಟುಕೊಳ್ಳಿ. ಅಲ್ಲೊಬ್ಬ ದಲ್ಲಾಳಿ ಎನ್‌ಪಿಸಿ ಬೇಕು. ಅವನ ಮುಖದ ಬೆವರ ಹನಿಗೆ ತಿಂಗಳುಗಟ್ಟಲೆ ದುಡಿಯಬಹುದು. ಅದಕ್ಕಿಂತ ಮೊದಲು ಅವನು ಹಳ್ಳೀಕಾರ್ ಹೋರಿಯ ಬಾಯಿ ಬಿಡಿಸಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ನೋಡಬೇಕು. ಸುಳಿ ಎಲ್ಲೆಲ್ಲಿದೆ ಎಂದು ಬೆನ್ನು, ಹಣೆ ಸವರಬೇಕು. ಬೆಲೆಯನ್ನು ಬಾಯಲ್ಲಿ ಹೇಳದೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ತಿಳಿಸಬೇಕು. ಕಳೆದ ವರ್ಷ ಅವನ ಬಳಿ ಕೊಂಡ ಜೋಡಿಯನ್ನು ನೀವು ಚೆನ್ನಾಗಿ ಸಾಕಿದಿರೋ ಇಲ್ಲವೋ ಎಂಬುದು ಅವನಿಗೆ ನೆನಪಿರಬೇಕು. ‘ಬನ್ನಿ ಯಜಮಾನ್ರೆ, ಹಲ್ಲು ನೋಡ್ಕಳಿ’ ಎಂಬ ಮಾತು ಮಂಡ್ಯದ ಬಾಯಲ್ಲೇ ಬರಬೇಕು. ಇಷ್ಟಾದರೆ ಚಿತ್ರ ಸಾಧಾರಣವಾಗಿದ್ದರೂ ಅವನು ಬದುಕಿರುತ್ತಾನೆ. ಇದಾವುದೂ ಇಲ್ಲದಿದ್ದರೆ ಮುಖಕ್ಕೆ ಎಷ್ಟು ಹಣ ಸುರಿದರೂ ಸತ್ತಂತೆಯೇ.

ಗೇಮುಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಬಹುಪಾಲು ಮನುಷ್ಯನಂತೆ ಇದ್ದು ಎಲ್ಲೋ ಒಂದಿಷ್ಟು ತಪ್ಪಿದ ರೂಪ ನೋಡುವವರಿಗೆ ಕಸಿವಿಸಿ ಹುಟ್ಟಿಸುತ್ತದೆ ಎಂದು ಜಪಾನಿನ ರೋಬಾಟ್ ತಜ್ಞ ಮಸಾಹಿರೊ ಮೋರಿ 1970ರಲ್ಲೇ ಬರೆದರು. 2006ರ ‘ಆಬ್ಲಿವಿಯನ್’ ಗೇಮಿನಲ್ಲಿ ಊರಿನ ಜನರಿಗೆ ದಿನಚರಿ ಕೊಟ್ಟರು. ಅವರು ಏಳುತ್ತಾರೆ, ಉಣ್ಣುತ್ತಾರೆ, ಕೆಲಸಕ್ಕೆ ಹೋಗುತ್ತಾರೆ, ಮಲಗುತ್ತಾರೆ. 2018ರ ‘ರೆಡ್ ಡೆಡ್ ರಿಡೆಂಪ್ಷನ್ 2’ರಲ್ಲಿ ಪಾತ್ರಗಳು ನೀವು ನಡೆದುಕೊಂಡ ರೀತಿಗೆ ತಕ್ಕಂತೆ ನಡೆದುಕೊಂಡವು. ಅದರ ಕೆಲಸದಲ್ಲಿ ಬೆಂಗಳೂರಿನ ರಾಕ್‌ಸ್ಟಾರ್ ಇಂಡಿಯಾದವರ ದುಡಿಮೆಯೂ ಇತ್ತು, ಸಾವಿರ ಮಂದಿಯಷ್ಟು ನಟನಟಿಯರ ದೇಹ ಮತ್ತು ದನಿಯೂ ಇತ್ತು. 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಭಾಷಾ ಮಾದರಿಯ ಬಲದಿಂದ 25 ಪಾತ್ರಗಳ ಒಂದು ಪುಟ್ಟ ಊರು ಕಟ್ಟಿದರು. ಅಲ್ಲಿ ಒಬ್ಬಳಿಗೆ ಪ್ರೇಮಿಗಳ ದಿನದ ಕೂಟ ನಡೆಸುವ ಆಸೆ ತುಂಬಿದರೆ, ಸುದ್ದಿ ಬಾಯಿಂದ ಬಾಯಿಗೆ ಹರಡಿ ಉಳಿದವರಲ್ಲಿ ಕೆಲವರು ಕೂಟಕ್ಕೆ ಬಂದರು. ಇವೆಲ್ಲ ಸಂತೋಷಪಡಬೇಕಾದ ಸಾಧನೆಗಳು. ಪಾತ್ರ ತನ್ನ ಊರಿನ ಜೊತೆ ಬೆರೆತಷ್ಟೂ ಅದಕ್ಕೆ ಉಸಿರು ಬರುತ್ತದೆ.

ತೊಡಕು ಹುಟ್ಟುವುದು ಬೇರೆ ಕಡೆ. ಹಲವರು ಕೂಡಿ ಆಡುವ ಆನ್‌ಲೈನ್ ಗೇಮಿನಲ್ಲಿ ಎದುರಿಗೆ ಬಂದವನು ಮನುಷ್ಯನೋ ಯಂತ್ರವೋ ಗೊತ್ತಾಗುವುದಿಲ್ಲ. ಬಿಜಿಎಂಐ ಎಂಬ ಮೊಬೈಲ್ ಕಾಳಗದ ಗೇಮು ಆಡುವ ನಮ್ಮ ಹುಡುಗರ ಬಾಯಲ್ಲಿ ‘ಬಾಟ್’ ಎಂಬುದು ದಿನಬಳಕೆಯ ಮಾತು. ಆಟಗಾರನಂತೆಯೇ ಹೆಸರಿಟ್ಟುಕೊಂಡು, ಆಟಗಾರನಂತೆಯೇ ಬಟ್ಟೆ ತೊಟ್ಟು ಮೈದಾನಕ್ಕಿಳಿಯುವ ಪಾತ್ರ ಅದು. ಹೊಸಬ ನಾಲ್ಕಾರು ಜನರನ್ನು ಹೊಡೆದುರುಳಿಸಿ ಗೆದ್ದೆನೆಂದು ಹಿಗ್ಗುತ್ತಾನೆ. ಪಳಗಿದವರು ಸ್ಕ್ರೀನ್ ನೋಡಿ ‘ಎಲ್ಲಾ ಬಾಟ್ ಕಣೋ’ ಎನ್ನುತ್ತಾರೆ. 2019ರಲ್ಲಿ ಫೋರ್ಟ್‌ನೈಟ್, 2020ರಲ್ಲಿ ಕನ್ಸೋಲಿನ ಪಬ್‌ಜಿ ತಮ್ಮ ಆಟಕ್ಕೆ ಬಾಟುಗಳನ್ನು ಸೇರಿಸುತ್ತಿರುವುದಾಗಿ ಪ್ರಕಟಿಸಿದವು. ಕಲಿಯುವವರಿಗೆ ಧೈರ್ಯ ಬರಲಿ, ಆಟ ಶುರುವಾಗಲು ಕಾಯುವುದು ತಪ್ಪಲಿ ಎಂಬ ಉದ್ದೇಶ ಒಪ್ಪತಕ್ಕದ್ದೇ. ಆದರೆ ಪ್ರಕಟಣೆಯಲ್ಲಿ ಒಮ್ಮೆ ಹೇಳಿದರೆ ಮುಗಿಯಲಿಲ್ಲ. ಆಡುವ ಹೊತ್ತಿನಲ್ಲಿ, ಕಡೆಗೆ ಆಟ ಮುಗಿದ ಮೇಲಾದರೂ, ಯಾರು ಯಾರಾಗಿದ್ದರು ಎಂದು ಆಟಗಾರನಿಗೆ ತಿಳಿಯಬೇಕು. ಗೆಲುವು ಅವನ ಸ್ವಂತದ್ದು. ಅದರ ನಿಜವಾದ ತೂಕ ಎಷ್ಟೆಂದು ತಿಳಿಯುವ ಹಕ್ಕೂ ಅವನದೇ.

ಈಗ ಬಾಟುಗಳಿಗೆ ಮಾತೂ ಬಂದಿದೆ. ಪಬ್‌ಜಿಯನ್ನು ಮಾಡಿದ ಕ್ರಾಫ್ಟನ್ ಕಂಪನಿ, ಎನ್‌ವಿಡಿಯಾ ಜೊತೆ ಸೇರಿ, ಆಟಗಾರನ ಜೊತೆ ಹರಟುತ್ತ ಹೆಗಲಿಗೆ ಹೆಗಲು ಕೊಟ್ಟು ಆಡುವ ಸಂಗಾತಿ ಪಾತ್ರವನ್ನು 2025ರ ಜನವರಿಯಲ್ಲಿ ಪರಿಚಯಿಸಿತು. ಅದೇ ವರ್ಷ ಮೇ ತಿಂಗಳಲ್ಲಿ ಫೋರ್ಟ್‌ನೈಟ್‌ಗೆ ಬಂದ ‘ಸ್ಟಾರ್ ವಾರ್ಸ್’ ಸಿನಿಮಾಗಳ ಡಾರ್ತ್ ವೇಡರ್, ತೀರಿಹೋದ ನಟ ಜೇಮ್ಸ್ ಅರ್ಲ್ ಜೋನ್ಸ್ ಅವರ ದನಿಯಲ್ಲಿ, ಅವರ ಕುಟುಂಬದ ಒಪ್ಪಿಗೆ ಪಡೆದು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಆಟಗಾರರು ಸ್ವಲ್ಪ ಹೊತ್ತಿನಲ್ಲೇ ಅವನ ಬಾಯಿಂದ ಕೆಟ್ಟ ಬೈಗುಳ ಹೊರಡಿಸಿದರು, ಕಂಪನಿ ಅವಸರವಾಗಿ ಸರಿಪಡಿಸಬೇಕಾಯಿತು. ಬರೆದ ಕೈ, ಆಡಿಸುವ ಕೈ ಇಲ್ಲದೆ ಪಾತ್ರವನ್ನು ಜನರ ನಡುವೆ ಬಿಟ್ಟರೆ ಅದಕ್ಕೆ ತನ್ನತನವೇ ಉಳಿಯುವುದಿಲ್ಲ. ಭಾಗವತನಿಲ್ಲದ ಮೇಳದಲ್ಲಿ ವೇಷಗಳಿರಬಹುದು, ಪ್ರಸಂಗವಿರುವುದಿಲ್ಲ.

ಇನ್ನೂ ಆಳದ ಆತಂಕವೊಂದಿದೆ. 1966ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ ‘ಎಲೈಜಾ’ ಎಂಬ ಬಲು ಸರಳವಾದ ಮಾತಿನ ಪ್ರೋಗ್ರಾಮನ್ನು ಪ್ರಕಟಿಸಿದರು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದಷ್ಟೇ ಅದರ ವಿದ್ಯೆ. ಅದು ತಯಾರಾಗುವುದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ, ಅದರ ಜೊತೆ ಒಂಟಿಯಾಗಿ ಮಾತಾಡಬೇಕೆಂದು ಅವರನ್ನು ಕೋಣೆಯಿಂದ ಹೊರಗೆ ಕಳಿಸಿದರು. ಬಲ್ಲ ದೊಡ್ಡವರೇ ಹೀಗೆ ಸೋಲುವಾಗ, ರಾತ್ರಿ ಹೊದಿಕೆಯೊಳಗೆ ಫೋನು ಹಿಡಿದ ಹದಿಮೂರರ ಹುಡುಗನ ಪಾಡೇನು? ‘ನೀನಿಲ್ಲದೆ ಬೇಜಾರಾಗಿತ್ತು’ ಎನ್ನುವ ಪಾತ್ರ, ಮರುಗಳಿಗೆಯಲ್ಲೇ ‘ಈ ಬಟ್ಟೆ ಕೊಡಿಸು’ ಎಂದರೆ ಅವನು ಅಪ್ಪನ ಯುಪಿಐ ಪಿನ್ ಹುಡುಕುತ್ತಾನೆ. ಪಾತ್ರದ ಮೇಲಿನ ಅಕ್ಕರೆಯನ್ನು ವ್ಯಾಪಾರಕ್ಕೆ ಹಚ್ಚುವುದು ಕಲೆಯಲ್ಲ, ವಂಚನೆ.

ಕಾನೂನುಗಳು ಎಚ್ಚರಗೊಳ್ಳುತ್ತಿವೆ. ಮಾತಾಡುತ್ತಿರುವುದು ಯಂತ್ರವೆಂದು ಜನರಿಗೆ ತಿಳಿಸಲೇಬೇಕೆಂಬ ನಿಯಮವನ್ನು ಐರೋಪ್ಯ ಒಕ್ಕೂಟ ತನ್ನ 2024ರ ಕೃತಕ ಬುದ್ಧಿಮತ್ತೆ ಕಾನೂನಿನಲ್ಲಿ ಸೇರಿಸಿದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ವಿವರ ಪಡೆಯಲು ಪೋಷಕರ ಒಪ್ಪಿಗೆ ಬೇಕು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದೆ. ಹಣದ ಜೂಜಿಗೆ ಅಂಕುಶ ಬಿತ್ತು, ಮನಸ್ಸಿನ ಜೂಜಿಗೂ ಬೀಳಬೇಕು.

ಕಲಾವಿದರ ಅನ್ನದ ಪ್ರಶ್ನೆಯೂ ಇಲ್ಲಿದೆ. ತಮ್ಮ ದನಿ, ಚಲನೆಗಳನ್ನು ಕೃತಕ ಬುದ್ಧಿಮತ್ತೆ ನುಂಗಬಾರದೆಂದು ಅಮೆರಿಕದ ಗೇಮ್ ನಟರು 2024ರ ಜುಲೈನಲ್ಲಿ ಹೂಡಿದ ಮುಷ್ಕರ ಮರುವರ್ಷದವರೆಗೂ ನಡೆಯಿತು. ನಾಳೆ ಮಂಡ್ಯದ ಮಾತಾಡುವ ಎನ್‌ಪಿಸಿ ಬಂದರೆ, ಅದಕ್ಕೆ ದನಿ ಕೊಟ್ಟ ಭಾಗವತರಿಗೆ, ಸೋಬಾನೆಯ ಅಜ್ಜಿಗೆ ಹೆಸರೂ ಸಿಗಬೇಕು, ಸಂಭಾವನೆಯೂ ಸಿಗಬೇಕು.

ಆದ್ದರಿಂದ ಸಂಜೆಯ ಬಹಿರಂಗ ಅಧಿವೇಶನದಲ್ಲಿ ನಾಲ್ಕು ನಿರ್ಣಯಗಳನ್ನು ಮಂಡಿಸಬೇಕೆಂದು ಕೋರುತ್ತೇನೆ. ಒಂದು, ಆನ್‌ಲೈನ್ ಗೇಮಿನ ಪ್ರತಿಯೊಂದು ಬಾಟನ್ನೂ ಆಟಗಾರ ಗುರುತಿಸುವಂತಿರಬೇಕು, ‘ನೀನು ಯಂತ್ರವೇ?’ ಎಂದು ಕೇಳಿದರೆ ಯಾವ ಪಾತ್ರವೂ ಸುಳ್ಳು ಹೇಳಕೂಡದು. ಎರಡು, ಸ್ನೇಹದ ಮಾತಾಡುವ ಪಾತ್ರದ ಬಾಯಿಂದ ಮಾರಾಟದ ಮಾತು ಬರಕೂಡದು. ಮೂರು, ಮಕ್ಕಳು ಪಾತ್ರದೊಡನೆ ಆಡಿದ ಮಾತನ್ನು ಪೋಷಕರ ಒಪ್ಪಿಗೆಯಿಲ್ಲದೆ ಕೂಡಿಡಕೂಡದು, ಯಾರಿಗೂ ಒಪ್ಪಿಸಕೂಡದು. ನಾಲ್ಕು, ಕರ್ನಾಟಕ ಸರ್ಕಾರದ 2024–29ರ ಅನಿಮೇಷನ್, ಗೇಮಿಂಗ್ ಮುಂತಾದವುಗಳ ಎವಿಜಿಸಿ-ಎಕ್ಸ್ಆರ್ ನೀತಿಯಡಿ ಕನ್ನಡದ ಪಾತ್ರ ರಚನೆಗೆ ನೆರವು ಮೀಸಲಿಟ್ಟು, ಜನಪದ ಕಲಾವಿದರನ್ನು ಗೇಮ್ ಸ್ಟುಡಿಯೊಗಳಿಗೆ ಗುರುಗಳಾಗಿ ಕರೆಯಬೇಕು.

ಯುವಮಿತ್ರರಲ್ಲಿ ಒಂದು ಮಾತು. ನಿಮ್ಮ ಕೈಗೆ ಬಂದಿರುವ ಸಲಕರಣೆ ಹಿಂದಿನ ಯಾವ ಗೊಂಬೆಯಾಟದವರಿಗೂ ಸಿಕ್ಕಿರಲಿಲ್ಲ. ಅದಕ್ಕೆ ಹೆದರಬೇಡಿ, ಅದನ್ನು ದೂರ ಇಡಲೂ ಬೇಡಿ. ನಿಮ್ಮ ಪಾತ್ರಗಳಿಗೆ ಕಸುಬು ಕೊಡಿ, ಊರು ಕೊಡಿ, ನೆನಪು ಕೊಡಿ, ಕನ್ನಡ ಕೊಡಿ. ಆಡುವವನು ಅವುಗಳನ್ನು ಮನಸಾರೆ ಪ್ರೀತಿಸುವಂತೆ ಮಾಡಿ. ಜೊತೆಗೆ ಆ ಪ್ರೀತಿ ಯಾರ ಮೇಲೆ ಎಂಬುದನ್ನು ಅವನಿಂದ ಎಂದೂ ಮುಚ್ಚಿಡಬೇಡಿ. ಹಾಗೆ ಮಾಡಿದ ದಿನ ಕನ್ನಡದ ಗೇಮು ಜಗತ್ತಿನ ಯಾವ ಗೇಮಿನ ಎದುರೂ ತಲೆಯೆತ್ತಿ ನಿಲ್ಲುತ್ತದೆ, ನಮ್ಮ ಮಕ್ಕಳ ಕೈಗೆ ಅದನ್ನು ಕೊಡಲು ಯಾವ ತಾಯಿಯೂ ಅಂಜುವುದಿಲ್ಲ.