ಗೋಡೆಯ ಚಿತ್ತಾರ, ಗದ್ದೆಯ ಹಕ್ಕು



ಚಿತ್ರಕಲೆ ಎಂದ ಕೂಡಲೇ ನಮಗೆ ನೆನಪಾಗುವುದು ಚೌಕಟ್ಟು ಹಾಕಿ ತೂಗುಹಾಕಿದ ಪಟ. ನೆಲವನ್ನು ಬಿಟ್ಟಿರಲಾರದ ಚಿತ್ರಗಳೂ ಇವೆ. ನನ್ನ ಮಾತು ಅವುಗಳ ಬಗ್ಗೆ.

ಘಟ್ಟ ಹತ್ತಿ ಸಾಗರ ತಾಲೂಕಿಗೆ ಹೋದರೆ ದೀವರ ಮನೆಗಳಲ್ಲಿ ಹಸೆ ಚಿತ್ತಾರವಿದೆ. ಬರೆಯುವವರು ಹೆಚ್ಚಾಗಿ ಹೆಂಗಸರು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿ ನಾರೇ ಕುಂಚ. ಅಂಗಡಿಯಿಂದ ತಂದದ್ದು ಒಂದೂ ಇಲ್ಲ. ಮದುವೆಗೆ ಈ ಚಿತ್ತಾರ ಬೇಕೇ ಬೇಕು. ಭೂಮಿ ಹುಣ್ಣಿಮೆಯಂದು ಪೈರು ತುಂಬಿದ ಗದ್ದೆಯನ್ನು ಬಸುರಿಯೆಂದು ಭಾವಿಸಿ ಬಯಕೆಯ ಊಟ ಒಯ್ಯುವ ಬುಟ್ಟಿಯ ಮೇಲೂ ಇದೇ ಚಿತ್ತಾರ. ಗದ್ದೆಯೇ ಇಲ್ಲದಿದ್ದರೆ ಆ ಬುಟ್ಟಿಯನ್ನು ಎಲ್ಲಿಗೆ ಒಯ್ಯುವುದು?

ಈ ಪ್ರಶ್ನೆ ಬರಿಯ ಮಾತಲ್ಲ. 1951ರ ಕಾಗೋಡು ಸತ್ಯಾಗ್ರಹದ ಗೇಣಿದಾರರಲ್ಲಿ ಹೆಚ್ಚಿನವರು ದೀವರೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಎಷ್ಟೋ ಊರುಗಳು ಮುಳುಗಿದವು. ನಮ್ಮ ಮನೆಗಳ ವಿದ್ಯುತ್ ದೀಪದಲ್ಲಿ ಆ ಗೋಡೆಗಳ ಪಾಲೂ ಇದೆ ಎನ್ನಬೇಕು. ಎದ್ದು ಬಂದವರಲ್ಲಿ ಅನೇಕ ಕುಟುಂಬಗಳ ಹಕ್ಕುಪತ್ರದ ತಕರಾರು ಇನ್ನೂ ಮುಗಿದಿಲ್ಲ.

ಆಸ್ಟ್ರೇಲಿಯಾದ ಮೂಲನಿವಾಸಿಗಳು ಇಂಥ ಸಂಕಟದಲ್ಲಿ ಚಿತ್ರವನ್ನೇ ದಾಖಲೆಯಾಗಿ ಮುಂದಿಟ್ಟರು. 1963ರಲ್ಲಿ ಯಿರ್ಕಾಲಾದ ಜನರು ಬಾಕ್ಸೈಟ್ ಗಣಿಯನ್ನು ವಿರೋಧಿಸಿ, ಮರದ ತೊಗಟೆಯ ಮೇಲೆ ಮನವಿ ಅಂಟಿಸಿ, ಸುತ್ತಲೂ ತಮ್ಮ ಕುಲದ ಚಿತ್ರ ಬರೆದು ಪಾರ್ಲಿಮೆಂಟಿಗೆ ಕಳುಹಿಸಿದರು. ಗಣಿ ನಿಲ್ಲಲಿಲ್ಲ. 1997ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯವರು ತಮ್ಮ ನೀರಿನ ತಾಣಗಳನ್ನೆಲ್ಲ ಸುಮಾರು 8 ಮೀಟರ್ ಅಗಲ, 10 ಮೀಟರ್ ಉದ್ದದ ಒಂದೇ ಬಟ್ಟೆಯಲ್ಲಿ ಬರೆದರು. ಒಬ್ಬೊಬ್ಬರೂ ತಮ್ಮ ತಮ್ಮ ಜಾಗದ ಮೇಲೆ ನಿಂತು ನ್ಯಾಯಮಂಡಳಿಯ ಮುಂದೆ ಸಾಕ್ಷಿ ನುಡಿದರು. 2007ರಲ್ಲಿ ಅವರ ಹಕ್ಕಿಗೆ ಮನ್ನಣೆ ಸಿಕ್ಕಿತು.

ದೂರದ ಕಥೆ ಎನ್ನಬೇಡಿ. ನಮ್ಮ ಬೆಳ್ತಂಗಡಿಯ ಘಟ್ಟದಂಚಿನ ಮಲೆಕುಡಿಯರಿಗೂ ಕುದುರೆಮುಖ ರಾಷ್ಟ್ರೀಯ ಉದ್ಯಾನದ ನೆಲದ ಪ್ರಶ್ನೆ ಇದೆ. ಕಾಗದಪತ್ರ ಇಲ್ಲದವರ ಬಳಿ ಹಿರಿಯರ ನೆನಪಾದರೂ ಇರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳ ಪ್ರಕಾರ ಹಿರಿಯರ ಲಿಖಿತ ಹೇಳಿಕೆ, ಹಳೆಯ ಬಾವಿ, ಸಮಾಧಿ, ಪವಿತ್ರ ಸ್ಥಳ ಇವೆಲ್ಲ ಸಾಕ್ಷ್ಯವಾಗಿ ಸಲ್ಲುತ್ತವೆ. ಆದರೆ ಹೇಳಿದ್ದನ್ನು ಯಾರಾದರೂ ಬರೆದುಕೊಳ್ಳಬೇಕಲ್ಲ? ಅಕ್ಷರ ಕಲಿತ ನೀವು ರಜೆಯಲ್ಲಿ ಒಂದು ನೋಟ್‌ಬುಕ್ ಹಿಡಿದು ಹೋಗಿ, ಅವರ ಜಗಲಿಯಲ್ಲಿ ಕುಳಿತು, ಅವರು ಹೇಳಿದಂತೆಯೇ ಬರೆದುಕೊಡಿ.