ಮುಪ್ಪಿನ ಎಲುಬು, ಮನೆಯವರ ಹೊಣೆ



ದೂಧಗಂಗಾ ನದಿಯ ದಂಡೆಯ ಈ ಸದಲಗಾದಲ್ಲಿ ಕಬ್ಬು, ಜೋಳ, ತಂಬಾಕಿನ ಹೊಲಗಳಲ್ಲಿ ಬಾಳೆಲ್ಲ ದುಡಿದ ತಾಯಂದಿರು ಅನೇಕ ಮನೆಗಳಲ್ಲಿದ್ದಾರೆ. “ಹೇಗಿದ್ದೀರಿ?” ಎಂದು ಕೇಳಿದರೆ “ಅಡ್ಡಿ ಇಲ್ಲವ್ವಾ” ಎನ್ನುತ್ತಾರೆ. ಆ ಮಾತಿನ ಹಿಂದೆ ಅಡಗಿರುವ ನೋವನ್ನು ಅರಿಯುವುದು ಹೇಗೆ ಎಂಬುದೇ ಇಂದಿನ ವಿಷಯ.

ಮುಟ್ಟು ನಿಂತ ಮೇಲೆ ಸ್ತ್ರೀಯರಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಕಡಿಮೆಯಾಗುತ್ತದೆ. ಆಗ ಎಲುಬು ಕಟ್ಟುವುದಕ್ಕಿಂತ ಕರಗುವುದೇ ಹೆಚ್ಚಾಗಿ, ಒಳಗೆ ಟೊಳ್ಳಾಗುತ್ತದೆ. ಇದೇ ಆಸ್ಟಿಯೋಪೊರೋಸಿಸ್. ಸಾಮಾನ್ಯವಾಗಿ ಎಲುಬು ಮುರಿಯುವವರೆಗೆ ಈ ರೋಗವು ಸುಳಿವು ಕೊಡುವುದಿಲ್ಲ. ಬೆನ್ನಿನ ಮಣಿಗಳು ಕುಸಿದು ಬೆನ್ನು ಬಾಗಿದರೂ, “ವಯಸ್ಸಾಯಿತು” ಎಂದು ನಾವು ಸುಮ್ಮನಾಗುತ್ತೇವೆ.

ಎಲುಬಿನ ಸಾಂದ್ರತೆಯನ್ನು ಡೆಕ್ಸಾ ಯಂತ್ರವು ಅಳೆಯುತ್ತದೆ. ಟಿ-ಅಂಕವು ಋಣ 2.5 ಅಥವಾ ಅದಕ್ಕೂ ಕೆಳಗಿದ್ದರೆ ಅದು ಆಸ್ಟಿಯೋಪೊರೋಸಿಸ್ ಎಂದು ವಿಶ್ವ ಆರೋಗ್ಯ ಸಂಸ್ಥೆಯು 1994ರಲ್ಲಿ ಗೊತ್ತುಪಡಿಸಿತು. ಆದರೆ ತಾಯಿಯು ತುಂಬಿದ ಕೊಡವನ್ನು ಎತ್ತಬಲ್ಲಳೇ, ರಾತ್ರಿ ನಿದ್ರಿಸುವಳೇ ಎಂಬುದನ್ನು ಯಂತ್ರವು ಹೇಳಲಾರದು. ಇದಕ್ಕಾಗಿ ಯುರೋಪಿನ ತಜ್ಞರು 1990ರ ದಶಕದಲ್ಲಿ ‘ಕ್ವಾಲೆಫೊ’ ಎಂಬ 41 ಪ್ರಶ್ನೆಗಳ ಪಟ್ಟಿಯನ್ನು ರಚಿಸಿದರು. ನೋವು, ದಿನಗೆಲಸ, ಜನರೊಡನೆ ಬೆರೆಯುವಿಕೆ, ತನ್ನ ಆರೋಗ್ಯದ ಬಗೆಗಿನ ಅನಿಸಿಕೆ, ಮನಃಸ್ಥಿತಿ ಇವು ಅದರ ಐದು ಭಾಗಗಳು. ಅಂಕವು 0ಯಿಂದ 100ರವರೆಗೆ ಇರುತ್ತದೆ. ಅಂಕ ಹೆಚ್ಚಿದಷ್ಟೂ ಕಷ್ಟ ಹೆಚ್ಚು.

ಆ ಪಟ್ಟಿಯಲ್ಲಿ ಚಿತ್ರಮಂದಿರಕ್ಕೆ ಹೋಗುವ ಪ್ರಶ್ನೆಯೂ ಇದೆ. ನಮ್ಮ ತಾಯಂದಿರ ಬದುಕು ಬೇರೆ. ಆದುದರಿಂದ ವೈದ್ಯರ ಪರೀಕ್ಷೆಗೆ ಸಹಾಯಕವಾಗುವಂತೆ ತಿಂಗಳಿಗೊಮ್ಮೆ ಮನೆಯಲ್ಲಿಯೇ ಹೀಗೆ ಕೇಳಿರಿ:

1. ಬೆನ್ನು ನೋವು ವಾರದಲ್ಲಿ ಎಷ್ಟು ದಿನ ಇತ್ತು? ನಿದ್ರೆ ಕೆಟ್ಟಿತೇ?
2. ನೆಲದಲ್ಲಿ ಕುಳಿತು, ಆಸರೆಯಿಲ್ಲದೆ ಏಳಲು ಆಗುವುದೇ?
3. ರೊಟ್ಟಿ ಬಡಿಯಲು, ಕೊಡ ಎತ್ತಲು ಆಗುವುದೇ?
4. ಜಾತ್ರೆಗೆ, ನೆರೆಮನೆಗೆ ಹೋಗುವುದನ್ನು ಬಿಟ್ಟಿದ್ದೀರಾ?
5. ಬಿದ್ದೇನೆಂಬ ಭಯವಿದೆಯೇ?

ಉತ್ತರಗಳನ್ನು ವಹಿಯಲ್ಲಿ ಬರೆದಿಡಿರಿ. ನೆರೆಯವರೊಡನೆ ಹೋಲಿಸಬೇಡಿರಿ, ಅವರದೇ ಹಿಂದಿನ ತಿಂಗಳೊಡನೆ ಹೋಲಿಸಿರಿ. ಮಗನು ಕೇಳಿದರೆ ಸಂಕೋಚಪಡುವ ಅತ್ತೆಯವರು ಸೊಸೆಗೆ ಹೇಳಬಹುದು. ಇಬ್ಬರೂ ಕೇಳುವುದು ಒಳಿತು. ಹಠಾತ್ತನೆ ಬೆನ್ನು ನೋವು ಬಂದರೆ, ಎತ್ತರವು ನಾಲ್ಕು ಸೆಂಟಿಮೀಟರಿನಷ್ಟು ಕುಗ್ಗಿದರೆ, ಅಥವಾ ಸಣ್ಣ ಪೆಟ್ಟಿಗೇ ಎಲುಬು ಮುರಿದರೆ ತಡಮಾಡದೆ ವೈದ್ಯರಿಗೆ ತೋರಿಸಿ, ಆ ವಹಿಯನ್ನೂ ಒಯ್ಯಿರಿ. ಈ ರೋಗಕ್ಕೆ ಔಷಧಗಳಿವೆ.

ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಸೂಚಿಸಿದೆ. ಬರಿಯ ಜೋಳದ ರೊಟ್ಟಿಯಿಂದ ಇದು ದೊರೆಯದು. ಹಾಲು, ಮೊಸರು, ಎಳ್ಳು, ಸೊಪ್ಪಿನ ಪಲ್ಯ, ರಾಗಿ ಬೇಕು. ಬಿಸಿಲು ಮತ್ತು ನಡಿಗೆಯೂ ಬೇಕು. ಹಲ್ಲಿಗೆ ತಿಕ್ಕುವ ತಂಬಾಕಿನ ಪುಡಿಯನ್ನು ಬಿಡಬೇಕು. ಬಚ್ಚಲಿನ ಪಾಚಿಯನ್ನು ತೆಗೆದು, ರಾತ್ರಿ ದೀಪವಿಡಿರಿ.

ಎಲುಬಿನ ಗಟ್ಟಿತನವು ಸುಮಾರು 30ರ ವಯಸ್ಸಿನೊಳಗೆ ಕೂಡಿಬರುತ್ತದೆ. ಆದ್ದರಿಂದ ಇಂದಿನ ಸೊಸೆಯು ಗರ್ಭಿಣಿಯಾದಾಗ, ಹಾಲೂಡಿಸುವಾಗ, ಆರೋಗ್ಯ ಕಾರ್ಯಕರ್ತೆಯರು ಕೊಡುವ ಕ್ಯಾಲ್ಸಿಯಂ ಗುಳಿಗೆಗಳನ್ನು ತಪ್ಪದೆ ನುಂಗಬೇಕು. ಹೆರಿಗೆಗಳ ನಡುವೆ ಅಂತರವಿರಬೇಕು. ಪತಿಯು ಇದನ್ನು ನೆನಪಿಸಬೇಕು.

ಇಂದು ಸಂಜೆ ಮನೆಗೆ ಹೋದೊಡನೆ, ತಾಯಿಯ ಬಳಿ ಕುಳಿತು ಮೊದಲನೆಯ ಪ್ರಶ್ನೆಯನ್ನು ಕೇಳಿರಿ. “ಅಡ್ಡಿ ಇಲ್ಲ” ಎಂದರೆ ಎರಡನೆಯದನ್ನೂ ಕೇಳಿರಿ.