ಕಾಂಕ್ರೀಟೂ ಋತುಮಾನವೂ



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯು ತಮಗೆಲ್ಲರಿಗೂ ತಿಳಿದುದೇ ಆಗಿದೆ. ಮದುವೆಗಾಗಲಿ ಗೃಹಪ್ರವೇಶಕ್ಕಾಗಲಿ ಪಂಚಾಂಗವನ್ನು ನೋಡದವರು ನಮ್ಮಲ್ಲಿ ವಿರಳ. ಆದರೆ ಮನೆಯ ತಾರಸಿಗೆ ಕಾಂಕ್ರೀಟನ್ನು ಹಾಕುವ ದಿನ ಪಂಚಾಂಗದೊಡನೆ ಆಕಾಶವನ್ನೂ ನೋಡಬೇಕೆಂದು ಯೋಚಿಸುವವರು ಇನ್ನೂ ವಿರಳ. ಬಿಸಿಲು, ಗಾಳಿ, ಮಳೆ, ಚಳಿ ಇವು ಕಾಂಕ್ರೀಟಿಗೆ ಏನು ಮಾಡುತ್ತವೆ, ಆಯಾ ಕಾಲದಲ್ಲಿ ಅದನ್ನು ಕಲಸುವ ಮತ್ತು ಹಾಕುವ ಬಗೆ ಹೇಗೆ ಎಂಬುದೇ ಈ ಹೊತ್ತಿನ ನನ್ನ ಭಾಷಣದ ವಿಷಯ. ನಾನು ರಸಾಯನಶಾಸ್ತ್ರದ ಉಪಾಧ್ಯಾಯನೇ ಹೊರತು ಕಟ್ಟಡದ ಕಸುಬಿನವನಲ್ಲ. ಆದರೂ ಕಾಂಕ್ರೀಟೆಂಬುದು ಮೊದಲಿನಿಂದ ಕಡೆಯವರೆಗೆ ರಸಾಯನಕ್ರಿಯೆಯೇ ಆಗಿರುವುದರಿಂದ ನನಗೂ ಈ ವಿಷಯದಲ್ಲಿ ಎರಡು ಮಾತನ್ನಾಡುವ ಅಧಿಕಾರ ಉಂಟೆಂದು ಭಾವಿಸುತ್ತೇನೆ.

ಸಾಮಾನ್ಯ ಗೃಹಸ್ಥನೊಬ್ಬನು ಹಲವು ವರ್ಷಗಳ ಉಳಿತಾಯವನ್ನು ಒಂದು ಹಗಲಿನಲ್ಲಿ ಸುರಿದುಬಿಡುವ ದಿನವೆಂದರೆ, ಜನರು ಮೋಲ್ಡು ಎಂದು ಕರೆಯುವ ಈ ಚಾವಣಿಯನ್ನು ಹಾಕುವ ದಿನ. ಅಂದು ನಡೆದ ಲೋಪವು ಅಂದು ಯಾರ ಕಣ್ಣಿಗೂ ಬೀಳುವುದಿಲ್ಲ. ಒಳ್ಳೆಯ ಕಾಂಕ್ರೀಟೂ ಕೆಟ್ಟ ಕಾಂಕ್ರೀಟೂ ಮೇಲೆ ನೋಡುವುದಕ್ಕೆ ಒಂದೇ ಬೂದಿಯ ಬಣ್ಣ. ಕೆಲವು ವರ್ಷಗಳು ಕಳೆದ ಬಳಿಕ ನೀರು ಜಿನುಗುವುದು, ಒಳಗಿನ ಕಂಬಿಗೆ ತುಕ್ಕು ಹಿಡಿಯುವುದು, ತುಕ್ಕು ಉಬ್ಬಿ ಗಾರೆಯನ್ನು ಚಕ್ಕೆಚಕ್ಕೆಯಾಗಿ ಕೆಳಕ್ಕೆ ಕೆಡಹುವುದು. ಆಗ ಆ ಚಾವಣಿಯ ಕೆಳಗೆ ಮಲಗಿರುವವರು ಬಹುಶಃ ಅದನ್ನು ಹಾಕಿಸಿದವರ ಮಕ್ಕಳು. ಒಬ್ಬರ ಅವಸರಕ್ಕೆ ಮತ್ತೊಬ್ಬರು ದಂಡ ತೆರಬೇಕಾಗುವ ಕಾರ್ಯ ಇದಾದ್ದರಿಂದ ಇಲ್ಲಿ ಎಚ್ಚರವು ಧರ್ಮವೂ ಆಗಿದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಿಕೊಳ್ಳೋಣ. ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆಯೆಂದು ಅನೇಕರು ನಂಬಿದ್ದಾರೆ. ಜೇಡಿಮಣ್ಣಿನ ಮಟ್ಟಿಗೆ ಈ ಮಾತು ನಿಜ, ಕಾಂಕ್ರೀಟಿನ ಮಟ್ಟಿಗೆ ಅಲ್ಲ. 1824ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಜೋಸೆಫ್ ಆಸ್ಪ್ಡಿನ್ ಎಂಬ ಗಾರೆಕೆಲಸದವನು ತಾನು ತಯಾರಿಸಿದ ಪುಡಿಗೆ ಹಕ್ಕುಪತ್ರವನ್ನು ಪಡೆದು, ಪೋರ್ಟ್‌ಲ್ಯಾಂಡಿನ ಕಟ್ಟಡದ ಕಲ್ಲನ್ನು ಹೋಲುತ್ತದೆಯೆಂದು ಅದಕ್ಕೆ ಪೋರ್ಟ್‌ಲ್ಯಾಂಡ್ ಸಿಮೆಂಟೆಂದು ಹೆಸರಿಟ್ಟನು. ಈ ಸಿಮೆಂಟು ನೀರಿನೊಡನೆ ಸಂಯೋಗ ಹೊಂದಿ ಹೊಸ ಪದಾರ್ಥಗಳಾಗಿ ಮಾರ್ಪಡುತ್ತದೆ. ಈ ಪದಾರ್ಥಗಳೇ ಮರಳನ್ನೂ ಜಲ್ಲಿಯನ್ನೂ ಅಪ್ಪಿ ಹಿಡಿದು ಏಕಶಿಲೆಯನ್ನಾಗಿ ಮಾಡುತ್ತವೆ. ಆದ್ದರಿಂದಲೇ ನೀರಿನೊಳಗೆ ಮುಳುಗಿಸಿಟ್ಟರೂ ಕಾಂಕ್ರೀಟು ಗಟ್ಟಿಯಾಗುತ್ತದೆ. ಅದು ಒಣಗುವುದಲ್ಲ, ನೀರನ್ನು ಉಂಡು ಕಲ್ಲಾಗುವುದು. ಉಣ್ಣುವ ಮೊದಲೇ ತಟ್ಟೆಯನ್ನು ಎಳೆದುಕೊಂಡರೆ ಅದು ಬಡಕಲಾಗಿ ಉಳಿಯುವುದು.

ಹಾಗಾದರೆ ನೀರನ್ನು ಧಾರಾಳವಾಗಿ ಬೆರೆಸಿಬಿಡೋಣವೆಂದು ಯಾರಾದರೂ ಹೇಳಬಹುದು. ಇಲ್ಲಿಯೇ ಇದರ ಸೂಕ್ಷ್ಮ ಅಡಗಿರುವುದು. ಸಿಮೆಂಟಿನ ತೂಕದ ಸುಮಾರು ಕಾಲುಭಾಗದಷ್ಟು ನೀರು ಮಾತ್ರ ರಾಸಾಯನಿಕ ಸಂಯೋಗದಲ್ಲಿ ಕೂಡಿಕೊಳ್ಳುವುದು. ಮಿಶ್ರಣವು ಕೈಗೆ ಬಗ್ಗಲೆಂದು ಮತ್ತಷ್ಟು ನೀರು ಬೇಕೇ ಬೇಕು. ಆದರೆ ಮಿತಿಮೀರಿ ಹಾಕಿದ ನೀರು ಕಾಲಕ್ರಮದಲ್ಲಿ ಆರಿಹೋಗಿ, ತಾನಿದ್ದ ಎಡೆಯಲ್ಲಿ ಸೂಕ್ಷ್ಮವಾದ ರಂಧ್ರಗಳನ್ನು ಬಿಟ್ಟುಹೋಗುತ್ತದೆ. ಅಮೆರಿಕದ ಷಿಕಾಗೋ ನಗರದಲ್ಲಿ ಡಫ್ ಏಬ್ರಮ್ಸ್ ಎಂಬಾತನು ಬಹು ಸಂಖ್ಯೆಯ ಪರೀಕ್ಷೆಗಳನ್ನು ನಡೆಸಿ, ಸಿಮೆಂಟಿಗೆ ನೀರಿನ ಪ್ರಮಾಣ ಹೆಚ್ಚಿದಂತೆ ಕಾಂಕ್ರೀಟಿನ ಬಲವು ಕುಗ್ಗುವುದೆಂಬ ನಿಯಮವನ್ನು 1918ರಲ್ಲಿ ಪ್ರಕಟಿಸಿದನು. ಇಂದಿಗೂ ಈ ವಿದ್ಯೆಯ ಬುನಾದಿ ಅದೇ.

ನಮ್ಮ ದೇಶದ 2000ನೆಯ ಇಸವಿಯ ಮಾನಕಸಂಹಿತೆಯಲ್ಲಿ, ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ ಎಂದು ಬಳಕೆಯಲ್ಲಿರುವ ಮಿಶ್ರಣಕ್ಕೆ, 50 ಕಿಲೋಗ್ರಾಂ ಚೀಲವೊಂದಕ್ಕೆ 30 ಲೀಟರಿಗಿಂತ ಹೆಚ್ಚು ನೀರು ಸಲ್ಲದೆಂದು ವಿಧಿಸಿದೆ. ಆದರೆ ಕೆಲಸದ ಸ್ಥಳದಲ್ಲಿ ನಡೆಯುವುದೇನು? ಇಡ್ಲಿಯ ಹಿಟ್ಟಿನಂತಿರಬೇಕಾದುದು ಹೊತ್ತೇರಿದಂತೆ ದೋಸೆಯ ಹಿಟ್ಟಾಗಿ, ಮಧ್ಯಾಹ್ನದ ವೇಳೆಗೆ ನೀರುದೋಸೆಯ ಹಿಟ್ಟಾಗಿಬಿಡುತ್ತದೆ. ತೆಳುವಾದ ಮಿಶ್ರಣವು ತಾನಾಗಿ ಹರಿದು ಮೂಲೆ ಸೇರುವುದರಿಂದ ಬಾಂಡ್ಲಿ ಹೊರುವವರಿಗೆ ಶ್ರಮ ಕಡಮೆ. ಆ ಬಡಪಾಯಿಗಳನ್ನು ದೂರಿ ಫಲವಿಲ್ಲ. ನೀರನ್ನು ಅಳೆದು ಹಾಕುವುದಕ್ಕೆ ಒಂದು ಡಬ್ಬವನ್ನು ಕೊಡದೆ ಕೊಳಾಯಿಯ ರಬ್ಬರ್ ನಳಿಗೆಯನ್ನು ಕೈಗೆ ಕೊಟ್ಟವರದೇ ತಪ್ಪು. ಯಂತ್ರದಲ್ಲಿ ಕಲಸುವಾಗ ಎರಡು ನಿಮಿಷಕ್ಕೆ ಕಡಮೆಯಾಗದಂತೆ ತಿರುಗಿಸಬೇಕು. ಹಾಕಿದ ಮೇಲೆ ಕಂಬಿಗಳ ನಡುವೆ ಜೇನುಗೂಡಿನಂತಹ ಟೊಳ್ಳು ಉಳಿಯದಂತೆ ವೈಬ್ರೇಟರಿನಿಂದ ಅದುರಿಸಿ ಕೂರಿಸಬೇಕು. ಮಿಶ್ರಣವನ್ನು ಇನ್ನೂ ಸಡಿಲಗೊಳಿಸಬೇಕಾದರೆ, ನೀರನ್ನು ಹೆಚ್ಚಿಸದೆಯೇ ಆ ಕೆಲಸ ಮಾಡುವ ರಾಸಾಯನಿಕ ದ್ರವಗಳು ಈಗ ಪೇಟೆಯಲ್ಲಿ ದೊರೆಯುತ್ತವೆ. ಸಿದ್ಧಮಿಶ್ರಣವನ್ನು ತರುವ ಲಾರಿಗೂ ಇದೇ ನ್ಯಾಯ. ಮನೆಯ ಬಾಗಿಲಿನಲ್ಲಿ ಅದಕ್ಕೆ ಕೊಡಗಟ್ಟಲೆ ನೀರು ಸುರಿಯುವುದೆಂದರೆ, ಬೆಲೆ ಕೊಟ್ಟು ತಂದ ಬಲವನ್ನು ಚರಂಡಿಗೆ ಚೆಲ್ಲಿದಂತೆ.

ಈಗ ಋತುಗಳ ವಿಚಾರಕ್ಕೆ ಬರೋಣ. ಹಾಲಿಗೆ ಹೆಪ್ಪು ಹಾಕುವ ಗೃಹಿಣಿಯರಿಗೆ ಈ ವಿಷಯದ ಅರ್ಧಭಾಗವು ಆಗಲೇ ತಿಳಿದಿದೆ. ಬೇಸಗೆಯಲ್ಲಿ ಮೊಸರು ಬೇಗ ಹೆಪ್ಪುಗಟ್ಟಿ ಹುಳಿಯಾಗುವುದು. ಮಾಗಿಯಲ್ಲಿ ಬೆಳಗಾದರೂ ಹಾಲಾಗಿಯೇ ಇರುವುದು. ಮೊಸರಿನ ರಸಾಯನವೂ ಸಿಮೆಂಟಿನ ರಸಾಯನವೂ ಬೇರೆ ಬೇರೆಯಾದರೂ, ಕಾವಿನಿಂದ ಬೇಗ, ಚಳಿಯಿಂದ ತಡ ಎಂಬ ನಿಯಮವು ಎರಡಕ್ಕೂ ಸಮಾನ.

ಬೇಸಗೆಯಲ್ಲಿ ಮಿಶ್ರಣವು ಹಾಕುವುದಕ್ಕೆ ಮೊದಲೇ ಬಿಗಿಯತೊಡಗುತ್ತದೆ. ಕೆಲಸದವರು ಅದನ್ನು ಸಡಿಲಿಸಲು ನೀರು ಸೇರಿಸುತ್ತಾರೆ; ಬಲವು ಅಲ್ಲಿಯೇ ಇಳಿಯುತ್ತದೆ. ಅಲ್ಲದೆ ಕಾವಿನಲ್ಲಿ ಅವಸರವಾಗಿ ಗಟ್ಟಿಯಾದ ಕಾಂಕ್ರೀಟು ಮೊದಲ ದಿನಗಳಲ್ಲಿ ಜೋರಾಗಿ ಕಂಡರೂ ಕಡೆಯಲ್ಲಿ ತಣ್ಣಗೆ ಬೆಳೆದುದರ ಬಲವನ್ನು ಮುಟ್ಟುವುದಿಲ್ಲ. ಮೇಲ್ಮೈಯ ನೀರನ್ನು ಬಿಸಿಲೂ ಗಾಳಿಯೂ ಹೀರಿಕೊಳ್ಳುವುದರಿಂದ ಹಾಕಿದ ಕೆಲವು ಗಂಟೆಗಳೊಳಗೆ ಬಿರುಕು ಕಾಣಬಹುದು. ಒಂದು ಚದರ ಮೀಟರಿನಿಂದ ಗಂಟೆಗೆ ಒಂದು ಕಿಲೋಗ್ರಾಂ ನೀರು ಆರುವಷ್ಟು ಒಣಹವೆಯಿದ್ದರೆ ಈ ಅಪಾಯವು ಹತ್ತಿರವಾಯಿತೆಂದು ತಿಳಿಯತಕ್ಕದ್ದು. ಇದರಲ್ಲಿ ಬಿಸಿಲಿಗಿಂತ ಗಾಳಿಯ ಪಾಲನ್ನು ಜನರು ಮರೆಯುತ್ತಾರೆ. ಒದ್ದೆ ಬಟ್ಟೆಯನ್ನು ಬೇಗ ಒಣಗಿಸುವ ಗಾಳಿಯು ತಾರಸಿಯನ್ನು ಬಿಟ್ಟೀತೆ?

ಹಾಕುವಾಗ ಕಾಂಕ್ರೀಟಿನ ಉಷ್ಣತೆಯು 40 ಡಿಗ್ರಿ ಸೆಂಟಿಗ್ರೇಡನ್ನು ಮೀರಬಾರದೆಂದು ನಮ್ಮ ಮಾನಕವು ಹೇಳುತ್ತದೆ. ರಾಯಚೂರು, ಕಲಬುರಗಿ ಪ್ರಾಂತಗಳಲ್ಲಿ ಮೇ ತಿಂಗಳ ಹವೆಯೇ ಆ ಅಂಕೆಯನ್ನು ದಾಟುವುದುಂಟು. ಕಾಂಕ್ರೀಟಿನ ಗಾತ್ರದಲ್ಲಿ ಮುಕ್ಕಾಲು ಪಾಲು ಮರಳೂ ಜಲ್ಲಿಯೂ ಆಗಿರುವುದರಿಂದ, ಅವುಗಳ ರಾಶಿಗೆ ನೆರಳು ಮಾಡಿ ಜಲ್ಲಿಯ ಮೇಲೆ ನೀರು ಚಿಮುಕಿಸಿದರೆ ಅರ್ಧ ಯುದ್ಧವನ್ನು ಗೆದ್ದಂತೆಯೇ. ಬಿಸಿಲಿನಲ್ಲಿ ಕಾದ ತೊಟ್ಟಿಯ ನೀರನ್ನು ಬಳಸಬಾರದು. ಸೆಂಟ್ರಿಂಗಿನ ಹಲಗೆಗಳನ್ನೂ ಕಂಬಿಗಳನ್ನೂ ಮೊದಲೇ ನೀರೆರಚಿ ತಣಿಸಿ, ನೀರು ನಿಲ್ಲದಂತೆ ನೋಡಿಕೊಂಡು, ಬೆಳಗಿನ ಜಾವದಲ್ಲಿ ಅಥವಾ ಸಂಜೆಯ ತಂಪಿನಲ್ಲಿ ಕೆಲಸವನ್ನು ನಡೆಸಬೇಕು. ಮೇಲ್ಮೈಯನ್ನು ಸವರಿದ ಕೂಡಲೆ ಹೊದಿಕೆಯನ್ನು ಹಾಸಬೇಕು.

ಸಿಮೆಂಟು ನೀರೊಡನೆ ಕೂಡುವಾಗ ತನ್ನ ಒಳಗಿನಿಂದಲೂ ಕಾವನ್ನು ಹೊರಡಿಸುತ್ತದೆ. ಅಮೆರಿಕದ ಹೂವರ್ ಅಣೆಕಟ್ಟಿಗೆ 1933ರಿಂದ 1935ರವರೆಗೆ ಕಾಂಕ್ರೀಟನ್ನು ಹಾಕಿದಾಗ, ಒಂದಂಗುಲದ ಉಕ್ಕಿನ ಕೊಳವೆಗಳನ್ನು ಒಳಗೇ ಹುದುಗಿಸಿ, ಮೊದಲು ನದಿಯ ನೀರನ್ನೂ ಆಮೇಲೆ ಯಂತ್ರದಿಂದ ತಣಿಸಿದ ನೀರನ್ನೂ ಹರಿಸಿ ಆ ಕಾವನ್ನು ಹೊರತೆಗೆದರು. ನಮ್ಮ ಮನೆಯ ತಾರಸಿಯು ತೆಳುವಾದುದರಿಂದ ಅದರ ಒಳಗಾವು ತಾನಾಗಿ ಹೊರಟುಹೋಗುತ್ತದೆ. ಆದರೆ ಅದೇ ತೆಳುವಿನ ದೆಸೆಯಿಂದ ಹೊರಗಿನ ಹವೆಯ ಏಟು ಅದಕ್ಕೆ ಹೆಚ್ಚು ತಗಲುತ್ತದೆ.

ಮಳೆಗಾಲದ ತೊಡಕು ಬೇರೆ ಬಗೆಯದು. ಅಲ್ಲಿ ನೀರು ಆರುವುದಿಲ್ಲ; ಕರೆಯದೆ ಬರುತ್ತದೆ. ಒದ್ದೆ ಮರಳು ಎರಡು ಬಗೆಯಿಂದ ಮೋಸ ಮಾಡುವುದು. ಚೀಲವೊಂದಕ್ಕೆ ಸುಮಾರು 80 ಕಿಲೋಗ್ರಾಂ ಮರಳು ಬೇಕೆಂದಿಟ್ಟುಕೊಳ್ಳಿ. ಅದರಲ್ಲಿ ನೂರಕ್ಕೆ 5ರಷ್ಟು ತೇವವಿದ್ದರೆ 4 ಲೀಟರ್ ನೀರು ಮರಳಿನೊಡನೆಯೇ ಬಂದಿತು. ಅದನ್ನು ಕಳೆದು ಉಳಿದ ನೀರನ್ನು ಮಾತ್ರ ಹಾಕಬೇಕು. ಇನ್ನೊಂದು ಮೋಸವೆಂದರೆ, ತುಸು ತೇವವಾದ ಮರಳು ಉಬ್ಬಿ ತನ್ನ ಗಾತ್ರಕ್ಕಿಂತ ಕಾಲುಭಾಗ ಹೆಚ್ಚಾಗಿ ತೋರಬಹುದು. ಆಗ ಐದು ಬಾಂಡ್ಲಿಯೆಂದು ಎಣಿಸಿದುದರಲ್ಲಿ ನಿಜವಾಗಿ ಇರುವ ಮರಳು ನಾಲ್ಕೇ ಬಾಂಡ್ಲಿ. ಹಾಕಿದ ಹೊಸತರಲ್ಲಿ ಮಳೆ ಬಿದ್ದರೆ ಮೇಲಿನ ಸಿಮೆಂಟು ತೊಳೆದುಹೋಗಿ ಜಲ್ಲಿ ಹಲ್ಲು ಬಿಡುವುದು. ಆದ್ದರಿಂದ ಮೋಡವನ್ನು ನೋಡಿದ ಮೇಲೆ ತಾರ್ಪಾಲನ್ನು ಹುಡುಕುವುದಲ್ಲ, ತಾರ್ಪಾಲನ್ನು ಸಿದ್ಧಪಡಿಸಿಕೊಂಡ ಮೇಲೆ ಕೆಲಸವನ್ನು ಆರಂಭಿಸುವುದು. ನಿಂತ ಮಳೆನೀರಿನ ಮೇಲೆ ಒಣಸಿಮೆಂಟನ್ನು ಉದುರಿಸಿ ಸವರುವ ಪದ್ಧತಿಯು ಕೇವಲ ಮುಖಕ್ಕೆ ಪೌಡರ್ ಹಚ್ಚಿದಂತೆ. ಆ ಪದರವು ಮುಂದೆ ಸಿಪ್ಪೆಯಂತೆ ಏಳುವುದು. ಜೋರು ಮಳೆಗೆ ಕೆಲಸವನ್ನು ನಡುವೆ ನಿಲ್ಲಿಸಬೇಕಾಗಿ ಬಂದರೆ ಎಲ್ಲಿ ನಿಲ್ಲಿಸಬೇಕೆಂಬುದನ್ನು ಇಂಜಿನಿಯರು ಮೊದಲೇ ಗುರುತು ಮಾಡಿರಬೇಕು. ಕಾಂಕ್ರೀಟು ಬಿಗಿದ ಮೇಲಾದರೋ ಅದೇ ಮಳೆಯು ಪರಮಮಿತ್ರ.

ಚಳಿಯು ನಮ್ಮ ನಾಡಿನಲ್ಲಿ ಅಷ್ಟು ಕ್ರೂರವಲ್ಲ. ಲಡಾಖಿನಂತಹ ಪ್ರದೇಶಗಳಲ್ಲಿ ಹಸಿಕಾಂಕ್ರೀಟಿನೊಳಗಿನ ನೀರು ಹೆಪ್ಪುಗಟ್ಟಿ ಮಂಜುಗಡ್ಡೆಯಾಗುವಾಗ ಗಾತ್ರದಲ್ಲಿ ನೂರಕ್ಕೆ 9ರಷ್ಟು ಹಿಗ್ಗಿ, ಇನ್ನೂ ಬೆಸೆಯದ ಕಣಗಳನ್ನು ಸಿಡಿಸಿಬಿಡುತ್ತದೆ. ಅಲ್ಲಿ ನೀರನ್ನು ಬಿಸಿಮಾಡಿ ಕಲಸಿ, ಹಾಕಿದುದಕ್ಕೆ ಬೆಚ್ಚಗೆ ಹೊದಿಸಬೇಕಾಗುತ್ತದೆ. ನಮ್ಮಲ್ಲಿ ಮಾಗಿಯ ಅಪಾಯಗಳು ಎರಡು. ಒಂದು, ಒಣಗಾಳಿ, ಮೈಗೆ ತಂಪಾಗಿದೆಯೆಂದು ನಾವು ಮೋಸಹೋದರೂ ಅದು ನೀರನ್ನು ಕದಿಯುತ್ತಲೇ ಇರುತ್ತದೆ. ಇನ್ನೊಂದು, ಅವಸರ. ನಾಲ್ಕೂವರೆ ಮೀಟರಿನವರೆಗಿನ ಅಗಲದ ಚಾವಣಿಗೆ ಆಧಾರದ ಕಂಬಗಳನ್ನು 7 ದಿನ, ಅದಕ್ಕೆ ಮೇಲ್ಪಟ್ಟುದಕ್ಕೆ 14 ದಿನ ಬಿಡಬೇಕೆಂದು ನಿಯಮವಿದೆ. ಆದರೆ ಆ ಲೆಕ್ಕವು ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ಹವೆಯು 15 ಡಿಗ್ರಿಗಿಂತ ಕೆಳಕ್ಕೆ ಇಳಿಯದಿದ್ದಾಗ ಮಾತ್ರ ಸಲ್ಲುವುದು. ಬೆಂಗಳೂರಿನ ಪುಷ್ಯಮಾಸದ ಎಷ್ಟೋ ರಾತ್ರಿಗಳು ಈ ಗೆರೆಯನ್ನು ದಾಟುತ್ತವೆ. ಸೆಂಟ್ರಿಂಗಿನ ಬಾಡಿಗೆಯನ್ನು ಉಳಿಸಲು ಕಂಬವನ್ನು ಬೇಗ ಕೀಳುವವರು, ಅದರ ಕೆಳಗೆ ನಿಂತು ಕೀಳುವ ಕೂಲಿಯವನ ತಲೆಯನ್ನು ಒಮ್ಮೆ ನೆನೆಯಬೇಕು.

ಇನ್ನು ಎಲ್ಲ ಋತುಗಳಿಗೂ ಸಲ್ಲುವ ಮುಖ್ಯ ವಿಷಯವೆಂದರೆ ನೀರುಣಿಸುವುದು. ಮೇಸ್ತ್ರಿಗಳು ಇದನ್ನೇ ಕ್ಯೂರಿಂಗ್ ಎನ್ನುತ್ತಾರೆ. ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ. ಹಾರುಬೂದಿ ಮೊದಲಾದುವು ಬೆರೆತ ಸಿಮೆಂಟಿಗೂ ಒಣಬೇಸಗೆಗೂ ಕನಿಷ್ಠ 10 ದಿನ. ಮೊದಲ ಏಳು ದಿನಗಳಲ್ಲಿ ಕಾಂಕ್ರೀಟು 28ನೆಯ ದಿನದ ಬಲದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಗಳಿಸುತ್ತದೆಯಾಗಿ, ಆ ವಾರ ಕೈಬಿಟ್ಟುದನ್ನು ಮುಂದೆ ತುಂಬಿಕೊಳ್ಳುವುದು ಕಷ್ಟ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರೆರಚಿ ನಡುಹಗಲು ಒಣಗಿಸುವುದು ಶಿಶುವಿಗೆ ಒಂದು ಹೊತ್ತು ಹಾಲು, ಒಂದು ಹೊತ್ತು ಉಪವಾಸ ಮಾಡಿಸಿದಂತೆ. ತಾರಸಿಯ ಮೇಲೆ ಮಣ್ಣಿನ ಪುಟ್ಟ ಕಟ್ಟೆಗಳನ್ನು ಕಟ್ಟಿ ನೀರು ನಿಲ್ಲಿಸುವ ಹಳೆಯ ರೂಢಿಯೇ ಮೇಲು.

ನೀರಿಗೆ ಬರವಿರುವಾಗ ಏನು ಮಾಡುವುದೆಂದು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. 2024ರ ಮಾರ್ಚಿ ತಿಂಗಳಿನಲ್ಲಿ ಬೆಂಗಳೂರಿನ ಜಲಮಂಡಲಿಯು ಕುಡಿಯುವ ನೀರನ್ನು ಕಟ್ಟಡದ ಕೆಲಸಕ್ಕೆ ಬಳಸಕೂಡದೆಂದು ಆಜ್ಞೆ ಮಾಡಬೇಕಾಯಿತು. ನೆರೆಮನೆಯ ಕೊಡವು ಬರಿದಾಗಿರುವಾಗ ನಮ್ಮ ತಾರಸಿಯು ಕೆರೆಯಾಗುವುದು ತರವಲ್ಲ. ಆದುದರಿಂದ, ತಡೆಯಲು ಸಾಧ್ಯವಿದ್ದವರು ಕಡುಬೇಸಗೆಯನ್ನು ಬಿಟ್ಟು ಮಳೆಗಾಲದ ಕೊನೆಯಲ್ಲಿ ಚಾವಣಿಯನ್ನು ಹಾಕಿಸಲಿ. ತಡೆಯಲಾಗದವರು ಗೋಣಿತಾಟನ್ನು ತೋಯಿಸಿ ಹಾಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಲಿ. ಆರುವ ನೀರು ಅಲ್ಲಿಯೇ ತಂಗುವುದರಿಂದ ಕಡಮೆ ನೀರಿನಲ್ಲಿಯೇ ಕಾರ್ಯವಾಗುವುದು.

ನಮ್ಮ ಹಿರಿಯರಿಗೆ ಈ ತಾಳ್ಮೆ ಹೊಸದಾಗಿರಲಿಲ್ಲ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನು ಸಿಮೆಂಟಿನಿಂದಲ್ಲ, ಸುಣ್ಣಕ್ಕೆ ಇಟ್ಟಿಗೆಯ ಪುಡಿಯನ್ನು ಸೇರಿಸಿ ಅರೆದ ಸುರ್ಕಿ ಗಾರೆಯಿಂದ ಕಟ್ಟಿದರು. ಆ ಗಾರೆಯು ಮೆಲ್ಲಮೆಲ್ಲನೆ ಬಲಿಯತಕ್ಕದ್ದು, ಕಾಯದೆ ಗತಿಯಿರಲಿಲ್ಲ. ಸಿಮೆಂಟು ಬೇಗ ಬಿಗಿಯುವ ಗುಣವನ್ನು ಕೊಟ್ಟು ನಮ್ಮಿಂದ ಕಾಯುವ ಗುಣವನ್ನು ಕಸಿದುಕೊಂಡಂತೆ ತೋರುತ್ತದೆ.

ಇದುವರೆಗೆ ಹೇಳಿದುದನ್ನೆಲ್ಲ ಒಂದು ಮಾತಿನಲ್ಲಿ ಅಡಕಮಾಡಬಹುದು. ಕಲಸುವಾಗ ನೀರಿನ ವಿಷಯದಲ್ಲಿ ಜಿಪುಣರಾಗಿರಿ, ಬಿಗಿದ ಮೇಲೆ ಧಾರಾಳಿಗಳಾಗಿರಿ. ಬಿಸಿಲು ಕದಿಯಲಿ, ಮಳೆ ಸೇರಿಸಲಿ, ಚಳಿ ತಡೆಯಲಿ, ನೀರಿನ ಲೆಕ್ಕವು ಮನೆಯ ಯಜಮಾನನ ಕೈಯಲ್ಲಿರಬೇಕು. ತಮ್ಮಲ್ಲಿ ಯಾರಾದರೂ ಈ ವರ್ಷ ಮನೆ ಕಟ್ಟಿಸುವವರಿದ್ದರೆ, ಚಾವಣಿಯ ದಿನ ಮೇಸ್ತ್ರಿಯ ಕೈಗೆ ತಾಂಬೂಲದೊಡನೆ ಒಂದು ಅಳತೆಯ ಡಬ್ಬವನ್ನೂ ಕೊಡಬೇಕೆಂದು ಪ್ರಾರ್ಥಿಸಿ ಈ ಭಾಷಣವನ್ನು ಮುಗಿಸುತ್ತೇನೆ.